ಮನಸ್ಸು ಹಿಡಿದಿಡುವ ಡಾಕ್ಯುಮೆಂಟರಿ ಫೋಟೊಗಳನ್ನು ಆನ್‌ಲೈನ್‌ನಲ್ಲಿ ಹುಡುಕುವುದು ಹೇಗೆ: ನಿಮ್ಮೂರಿನ ವಿಷಯದಿಂದಲೇ ಶುರು ಮಾಡಿ

ವಿಜಯಪುರ, ಬಾಗಲಕೋಟೆ, ಬೆಳಗಾವಿ ಕಡೆಯ ಪತ್ರಿಕೋದ್ಯಮ ವಿದ್ಯಾರ್ಥಿಗಳು ಮತ್ತು ಹೊಸದಾಗಿ ಕ್ಯಾಮೆರಾ ಹಿಡಿದವರು ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆ ಒಂದೇ. "ಒಳ್ಳೆಯ ಡಾಕ್ಯುಮೆಂಟರಿ ಫೋಟೊ ಎಲ್ಲಿ ನೋಡೋದು? ಗೂಗಲ್ ಮಾಡಿದ್ರೆ ಬರೀ ಮದುವೆ ಫೋಟೊ ಬರ್ತವೆ."

ಅವರ ದೂರು ನಿಜ. ಡಾಕ್ಯುಮೆಂಟರಿ ಫೋಟೊ ಅಂದರೆ ಜನರ ನಿಜ ಬದುಕನ್ನು ಇದ್ದಂತೆ ದಾಖಲಿಸುವ ಫೋಟೊ. ನಮ್ಮಲ್ಲಿ ಮದುವೆ ಸ್ಟುಡಿಯೊಗಳು ಜಾಹೀರಾತಿನಲ್ಲಿ ಡಾಕ್ಯುಮೆಂಟರಿ ಎಂಬ ಪದವನ್ನು ಧಾರಾಳವಾಗಿ ಬಳಸುತ್ತವೆ. ಹಾಗಾಗಿ ಆ ಪದ ಹಾಕಿದ ಕೂಡಲೇ ಅವೇ ಮೇಲೆ ಬರುತ್ತವೆ. ಅವನ್ನು ದಾಟಿ ಹೋದರೆ "ಜಗತ್ತಿನ 50 ಶ್ರೇಷ್ಠ ಫೋಟೊಗ್ರಾಫರ್‌ಗಳು" ಎಂಬಂಥ ಪಟ್ಟಿಗಳು. ಪ್ರತಿ ಹೆಸರಿಗೆ ಒಂದು ಫೋಟೊ, ಎರಡು ಸಾಲು ಹೊಗಳಿಕೆ. ಅದನ್ನು ನೋಡಿ ಮುಗಿಸಿದ ಮೇಲೂ ಕೈಗೆ ಏನೂ ಸಿಗುವುದಿಲ್ಲ.

ಜಾಸ್ತಿ ಜನ ಸೋಲುವುದು ಹುಡುಕುವ ಕ್ರಮ ತಿರುಗುಮುರುಗಾದ ಕಾರಣಕ್ಕೆ. ಅವರು ಫೋಟೊಗ್ರಾಫರ್ ಹೆಸರಿನಿಂದ ಶುರು ಮಾಡುತ್ತಾರೆ. ಆಗಬೇಕಾದ್ದು ಮೊದಲು ವಿಷಯ, ಆಮೇಲೆ ಅದರ ಫೋಟೊ ಸರಣಿ, ಹೆಸರು ಕೊನೆಗೆ. ಅದೂ ನಿಮಗೆ ಮೊದಲೇ ಚೆನ್ನಾಗಿ ಗೊತ್ತಿರುವ ವಿಷಯ ಆಗಿರಬೇಕು. ಈ ಮಾರ್ಗದರ್ಶಿಯ ತಳಪಾಯ ಅದೇ.

## ಶುರುವಿಗೆ ಏನು ಬೇಕು?

ಮೊಬೈಲ್‌ನಲ್ಲಿ ಹುಡುಕಬಹುದು, ಆದರೆ ನೋಡುವುದು ದೊಡ್ಡ ಪರದೆಯಲ್ಲಿ ಇರಲಿ. ಅಂಗೈಯಷ್ಟು ಪರದೆಯಲ್ಲಿ ಹಿನ್ನೆಲೆಯ ಸಣ್ಣ ವಿವರ ಕಾಣುವುದಿಲ್ಲ. ಈ ಬಗೆಯ ಫೋಟೊಗಳಲ್ಲಿ ಅರ್ಧ ಕಥೆ ಹಿನ್ನೆಲೆಯಲ್ಲೇ ಇರುತ್ತದೆ. ಮನೆಯಲ್ಲಿ ಕಂಪ್ಯೂಟರ್ ಇಲ್ಲದಿದ್ದರೆ ಕಾಲೇಜಿನ ಲ್ಯಾಬ್, ಲೈಬ್ರರಿ ಸಾಕು. ಇಂಥ ವೆಬ್‌ಸೈಟ್‌ಗಳು ಡೇಟಾ ಜಾಸ್ತಿ ನುಂಗುವುದರಿಂದ ಅಲ್ಲಿಯ ವೈಫೈ ಇದ್ದರೆ ಇನ್ನೂ ಒಳ್ಳೆಯದು.

ಜೊತೆಗೆ ಒಂದು ನೋಟ್‌ಬುಕ್ ಇಲ್ಲವೇ ಗೂಗಲ್ ಶೀಟ್ ಇಟ್ಟುಕೊಳ್ಳಿ. ಇಷ್ಟೇ ಸಾಕು.

## 1. ಹೆಸರು ಬಿಡಿ, ಗೊತ್ತಿರುವ ವಿಷಯ ಹಿಡಿಯಿರಿ

ನೀವು ಕಣ್ಣಾರೆ ಕಂಡು ಬೆಳೆದ ಒಂದು ಕೆಲಸವನ್ನೋ ಕಷ್ಟವನ್ನೋ ಆರಿಸಿ. ಬೆಳಗಾವಿ ಜಿಲ್ಲೆಯವರಾದರೆ ಕಬ್ಬಿನ ಕಟಾವು. ಇಳಕಲ್, ಗುಳೇದಗುಡ್ಡದವರಾದರೆ ಮಗ್ಗ. ಬಾಗಲಕೋಟೆಯವರಾದರೆ ಮುಳುಗಡೆ. ಇಂಡಿ, ಸಿಂದಗಿ ಕಡೆಯವರಾದರೆ ಗುಳೆ.

ಯಾಕೆ ಹೀಗೆ? ಯುದ್ಧದ ಫೋಟೊ ನೋಡಿದಾಗ ಅದು ನಿಜಕ್ಕೆ ಎಷ್ಟು ಹತ್ತಿರ ಎಂದು ನೀವು ಹೇಳಲಾರಿರಿ. ಕಬ್ಬಿನ ಗ್ಯಾಂಗಿನ ಫೋಟೊ ಬಗ್ಗೆ ಹೇಳಬಲ್ಲಿರಿ. ಕಬ್ಬಿನ ಸೋಗೆ ಕೈ ಕೊಯ್ಯುವುದು ನಿಮಗೆ ಗೊತ್ತು. ಹೊರೆ ಹೊತ್ತ ಹೆಂಗಸರು ಹಲಗೆ ಹತ್ತಿ ಟ್ರ್ಯಾಕ್ಟರ್ ಟ್ರೇಲರ್‌ಗೆ ಕಬ್ಬು ಏರಿಸುವುದು ಗೊತ್ತು. ಹೊಲದ ಬದಿಯ ಗುಡಿಸಲಲ್ಲಿ ಮಕ್ಕಳು ಇಡೀ ದಿನ ಕಳೆಯುವುದೂ ಗೊತ್ತು. ಅರ್ಧ ದಿನಕ್ಕೆ ಬಂದುಹೋದ ಫೋಟೊಗ್ರಾಫರ್‌ಗೆ ಸಿಗುವುದು ಬೆಳಗಿನ ಬೆಳಕಲ್ಲಿ ಎತ್ತಿ ಹಿಡಿದ ಕುಡುಗೋಲು. ಹಂಗಾಮು ಪೂರ್ತಿ ಜೊತೆಗಿದ್ದವರಿಗೆ ಮುಂಗಡದ ಲೆಕ್ಕ ನಡೆಯುವ ರಾತ್ರಿ, ಜ್ವರ ಬಂದರೂ ಹೊಲಕ್ಕೆ ಹೊರಟ ಹೆಣ್ಣುಮಗಳು, ಊರಿಗೆ ಮರಳುವ ಲಾರಿ ಎಲ್ಲವೂ ಸಿಗುತ್ತವೆ. ಈ ವ್ಯತ್ಯಾಸವನ್ನು ದೆಹಲಿಯ ವಿಮರ್ಶಕರಿಗಿಂತ ಮೊದಲು ನೀವು ಹಿಡಿಯುತ್ತೀರಿ.

ಮಗ್ಗದ ವಿಷಯವೂ ಹಾಗೆಯೇ. ಇಳಕಲ್ ಸೀರೆಯ ಒಡಲಿಗೂ ಸೆರಗಿಗೂ ಕೊಂಡಿ ಹಾಕುವ ಕೆಲಸ ಎಷ್ಟು ತಾಳ್ಮೆ ಬೇಡುತ್ತದೆ ಎಂಬುದು ಅಲ್ಲಿಯವರಿಗೆ ಗೊತ್ತು. ನೇಕಾರರ ಸರಣಿಯಲ್ಲಿ ಬರೀ ಬಣ್ಣದ ನೂಲು, ನಗುವ ಅಜ್ಜ ಇದ್ದರೆ ಅನುಮಾನ ಪಡಿ. ಕೆಲಸದ ಕಷ್ಟದ ಜಾಗಕ್ಕೆ ಕ್ಯಾಮೆರಾ ಹೋಗಿದೆಯೇ ನೋಡಿ.

ಇಲ್ಲಿ ಆಗುವ ತಪ್ಪು ಒಂದೇ, ವಿಷಯವನ್ನು ತೀರಾ ಅಗಲ ಮಾಡಿಕೊಳ್ಳುವುದು. "ಬಡತನ", "ಹಳ್ಳಿ ಜೀವನ" ಎಂದು ಹುಡುಕಿದರೆ ದಾರಿ ತಪ್ಪುತ್ತೀರಿ.

## 2. ವಿಷಯವನ್ನು ಹುಡುಕಾಟದ ಪದ ಮಾಡಿ

ನಿಮ್ಮ ಊರಿನ ವಿಷಯಕ್ಕೆ ಜಗತ್ತಿನ ಬೇರೆ ಕಡೆ ಯಾವ ಹೆಸರಿದೆ ಎಂದು ಯೋಚಿಸಿ. ಮುಳುಗಡೆಗೆ ಇಂಗ್ಲಿಷಿನಲ್ಲಿ ಡ್ಯಾಮ್ ಡಿಸ್‌ಪ್ಲೇಸ್‌ಮೆಂಟ್. ಆಲಮಟ್ಟಿಯಿಂದ ಹೊರಟ ಹುಡುಕಾಟ ನರ್ಮದೆಗೆ ಹೋಗುತ್ತದೆ. ಅಲ್ಲಿಂದ ಚೀನಾದ ತ್ರೀ ಗಾರ್ಜಸ್ ಅಣೆಕಟ್ಟಿಗೂ ಹೋಗಬಹುದು. ಗುಳೆಗೆ ಸೀಸನಲ್ ಮೈಗ್ರೇಶನ್, ಕಬ್ಬಿನ ಗ್ಯಾಂಗಿಗೆ ಶುಗರ್‌ಕೇನ್ ಕಟರ್ಸ್.

ಆ ಪದದ ಜೊತೆ ಫೋಟೊ ಎಸ್ಸೇ ಅಥವಾ ಲಾಂಗ್ ಟರ್ಮ್ ಪ್ರಾಜೆಕ್ಟ್ ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿ. ಈ ಎರಡನೇ ಭಾಗವನ್ನು ಉದ್ಧರಣ ಚಿಹ್ನೆಯ ಒಳಗೆ ಇಡಿ. ಆಗ ಆ ಪದಗಳು ಅದೇ ಕ್ರಮದಲ್ಲಿರುವ ಪುಟಗಳೇ ಮುಂದೆ ಬರುತ್ತವೆ. ಮದುವೆ ಫೋಟೊಗಳ ಕಾಟ ತಪ್ಪಿಸಲು ವೆಡ್ಡಿಂಗ್ ಎಂಬ ಪದದ ಮುಂದೆ, ನಡುವೆ ಜಾಗ ಬಿಡದೆ, ಮೈನಸ್ ಚಿಹ್ನೆ ಹಾಕಿ. ಇದೊಂದರಿಂದಲೇ ಫಲಿತಾಂಶ ಎಷ್ಟೋ ಶುದ್ಧವಾಗುತ್ತದೆ. ಅದೇ ಹುಡುಕಾಟವನ್ನು ಕನ್ನಡದಲ್ಲಿ, ಮರಾಠಿ ಬಂದರೆ ಮರಾಠಿಯಲ್ಲೂ ಮಾಡಿ. ಕಬ್ಬಿನ ವಿಷಯಕ್ಕಂತೂ ಮರಾಠಿ ಬಹಳ ಉಪಯೋಗ. ಮಹಾರಾಷ್ಟ್ರದ ಬೀಡ್ ಕಡೆಯ ಕಟಾವು ಕಾರ್ಮಿಕರ ಬಗ್ಗೆ ಅಲ್ಲಿ ತುಂಬ ಕೆಲಸ ಆಗಿದೆ.

ಗೂಗಲ್‌ನ ಇಮೇಜಸ್ ಪುಟದಿಂದ ಶುರು ಮಾಡಬೇಡಿ. ಅಲ್ಲಿ ಫೋಟೊ ತನ್ನ ಕ್ಯಾಪ್ಶನ್‌ನಿಂದ, ಅಕ್ಕಪಕ್ಕದ ಫೋಟೊಗಳಿಂದ ಕಿತ್ತು ಬಂದಿರುತ್ತದೆ. ಪಿಂಟರೆಸ್ಟ್‌ನಲ್ಲಿ ಈ ತೊಂದರೆ ಇನ್ನೂ ಜಾಸ್ತಿ. ಯಾರು, ಎಲ್ಲಿ, ಯಾವಾಗ ತೆಗೆದದ್ದು ಎಂಬ ಸುಳಿವೇ ಎಷ್ಟೋ ಸಲ ಇರುವುದಿಲ್ಲ.

## 3. ನಂಬಬಹುದಾದ ಭಂಡಾರಗಳಿಗೆ ಮೊದಲು ಹೋಗಿ

ಬರೀ ಸರ್ಚ್ ಎಂಜಿನ್ ನಂಬಿ ಕೂರಬೇಡಿ. ಸಂಪಾದಕರು ಆರಿಸಿ, ಪರಿಶೀಲಿಸಿ ಇಟ್ಟ ಕೆಲವು ಭಂಡಾರಗಳಿವೆ. ಮೊದಲ ವಾರಗಳನ್ನು ಅಲ್ಲೇ ಕಳೆಯಿರಿ.

ಪರಿ. ಪೀಪಲ್ಸ್ ಆರ್ಕೈವ್ ಆಫ್ ರೂರಲ್ ಇಂಡಿಯಾ. ಪತ್ರಕರ್ತ ಪಿ. ಸಾಯಿನಾಥ್ 2014ರಲ್ಲಿ ಶುರು ಮಾಡಿದ್ದು. ನಮ್ಮ ಭಾಗದವರಿಗೆ ಇದಕ್ಕಿಂತ ಒಳ್ಳೆಯ ಬಾಗಿಲು ಇಲ್ಲ. ಹಲವು ವರದಿಗಳು ಕನ್ನಡದಲ್ಲೂ ಮರಾಠಿಯಲ್ಲೂ ಓದಲು ಸಿಗುತ್ತವೆ. ಫೋಟೊಗಳ ಜೊತೆ ಜನರ ಹೆಸರು, ಊರು, ಕೂಲಿ, ಸಾಲ ಎಲ್ಲದರ ವಿವರ ಇರುತ್ತದೆ. ಕೂಲಿ ಹೆಂಗಸರ ಕೆಲಸ ಕುರಿತ ಸಾಯಿನಾಥ್ ಅವರ ಫೋಟೊ ಪ್ರದರ್ಶನ ಆನ್‌ಲೈನ್‌ನಲ್ಲೇ ಇದೆ, ಅದನ್ನು ಪೂರ್ತಿ ನೋಡಿ. ತಮಿಳುನಾಡಿನ ಎಂ. ಪಳನಿ ಕುಮಾರ್ ಅವರ ಕೆಲಸವನ್ನೂ ಬಿಡಬೇಡಿ. ಪೌರಕಾರ್ಮಿಕರು, ಮೀನುಗಾರರು, ಉಪ್ಪಿನ ಗದ್ದೆಯವರನ್ನು ಅವರು ಹತ್ತಿರದವರ ಕಣ್ಣಿನಿಂದ ನೋಡುತ್ತಾರೆ. ಇದೇ ತಾಣದಲ್ಲಿ ಜಿಲ್ಲಾವಾರು ಮುಖಚಿತ್ರಗಳ ಸಂಗ್ರಹವೂ ಇದೆ. ನಿಮ್ಮ ಜಿಲ್ಲೆಯ ಹೆಸರಿನಿಂದ ಹುಡುಕಿ ನೋಡಿ.

ವರ್ಲ್ಡ್ ಪ್ರೆಸ್ ಫೋಟೊ. 1955ರಿಂದ ನಡೆಯುತ್ತಿರುವ ಸ್ಪರ್ಧೆ, ಕಚೇರಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ. ಗೆದ್ದ ಫೋಟೊಗಳನ್ನು ವರ್ಷವಾರು ಉಚಿತವಾಗಿ ನೋಡಬಹುದು. ಎಲ್ಲರೂ "ವರ್ಷದ ಫೋಟೊ" ನೋಡಿ ಹೊರಬರುತ್ತಾರೆ. ನೀವು ಸೀದಾ ಸ್ಟೋರೀಸ್ ಮತ್ತು ಲಾಂಗ್ ಟರ್ಮ್ ಪ್ರಾಜೆಕ್ಟ್ಸ್ ವಿಭಾಗಕ್ಕೆ ಹೋಗಿ. ಕಲಿಯಲು ಸಿಗುವುದು ಅಲ್ಲೇ.

ಪುಲಿಟ್ಜರ್. ಅಮೆರಿಕದ ಪತ್ರಿಕೋದ್ಯಮ ಪ್ರಶಸ್ತಿ. ಈಚಿನ ವರ್ಷಗಳಲ್ಲಿ ಗೆದ್ದ ಸರಣಿಗಳ ಫೋಟೊಗಳು ಕ್ಯಾಪ್ಶನ್ ಸಮೇತ ಅದರ ವೆಬ್‌ಸೈಟ್‌ನಲ್ಲಿವೆ. 2018ರಲ್ಲಿ ರೋಹಿಂಗ್ಯಾ ನಿರಾಶ್ರಿತರ ಬಗ್ಗೆ ರಾಯಿಟರ್ಸ್ ತಂಡ ಗೆದ್ದ ಸರಣಿ, 2020ರಲ್ಲಿ ಕಾಶ್ಮೀರದ ಬಗ್ಗೆ ಅಸೋಸಿಯೇಟೆಡ್ ಪ್ರೆಸ್ (ಎಪಿ) ಸುದ್ದಿಸಂಸ್ಥೆಯ ಡಾರ್ ಯಾಸಿನ್, ಮುಖ್ತಾರ್ ಖಾನ್, ಚನ್ನಿ ಆನಂದ್ ಗೆದ್ದದ್ದು, 2022ರಲ್ಲಿ ಭಾರತದ ಕೋವಿಡ್ ಬಗ್ಗೆ ಡ್ಯಾನಿಶ್ ಸಿದ್ದೀಕಿ ಮತ್ತು ರಾಯಿಟರ್ಸ್‌ನ ಜೊತೆಗಾರರು ಗೆದ್ದದ್ದು. ಈ ಮೂರನ್ನು ಒಂದರ ಹಿಂದೆ ಒಂದು ನೋಡಿ. ಡ್ಯಾನಿಶ್ 2021ರ ಜುಲೈನಲ್ಲಿ ಅಫ್ಘಾನಿಸ್ತಾನದಲ್ಲಿ ವರದಿ ಮಾಡುತ್ತಲೇ ಕೊಲ್ಲಲ್ಪಟ್ಟರು. 2018ರ ತಂಡದಲ್ಲೂ ಇದ್ದ ಅವರಿಗೆ ಎರಡನೇ ಪುಲಿಟ್ಜರ್ ಮರಣೋತ್ತರವಾಗಿ ಬಂತು.

ಲೈಬ್ರರಿ ಆಫ್ ಕಾಂಗ್ರೆಸ್. ಅಮೆರಿಕದ 1930ರ ದಶಕದ ರೈತ ಸಂಕಟದ ಫೋಟೊಗಳು, ಸುಮಾರು 1,75,000 ಕಪ್ಪುಬಿಳುಪು ನೆಗೆಟಿವ್‌ಗಳ ಸಂಗ್ರಹ. ಬರ, ಸಾಲ, ವಲಸೆ. ವಿಜಯಪುರದವರಿಗೆ ಇದರಲ್ಲಿ ಬಿಡಿಸಿ ಹೇಳಬೇಕಾದ್ದು ಏನೂ ಇಲ್ಲ. ಫೈಲ್‌ಗಳನ್ನು ದೊಡ್ಡ ಗಾತ್ರದಲ್ಲಿ ಉಚಿತವಾಗಿ ಇಳಿಸಿಕೊಳ್ಳಬಹುದು.

ಮ್ಯಾಪ್. ಬೆಂಗಳೂರಿನ ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೋಗ್ರಫಿ. ಮೈಸೂರಿನ ಟಿ.ಎಸ್. ಸತ್ಯನ್ ಅವರ ಫೋಟೊಗಳನ್ನು ಇದರ ವೆಬ್‌ಸೈಟ್‌ನಲ್ಲಿ ಹುಡುಕಿ. ಸಾಮಾನ್ಯ ಜನರನ್ನು, ಅದರಲ್ಲೂ ಮಕ್ಕಳನ್ನು, ಅವರಷ್ಟು ಹಗುರ ಕೈಯಿಂದ ತೆಗೆದವರು ಕಡಿಮೆ.

ಫೋಟೊಗ್ರಾಫರ್‌ಗಳ ಸಹಕಾರಿ ಸಂಸ್ಥೆ ಮ್ಯಾಗ್ನಮ್ ಫೋಟೋಸ್‌ನ ತಾಣವೂ ದೊಡ್ಡದೇ. ಆದರೆ ಅಲ್ಲಿ ಹೆಸರುಗಳ ಹೊಳೆಯಲ್ಲಿ ಕೊಚ್ಚಿಹೋಗುವ ಅಪಾಯ ಇದೆ. ಅದನ್ನು ಎರಡನೇ ಸುತ್ತಿಗೆ ಇಡಿ.

## 4. ಒಂದು ಫೋಟೊದಿಂದ ಇಡೀ ಸರಣಿಗೆ ಹೋಗಿ

ಈಗ ಒಂದು ಫೋಟೊ ನಿಮ್ಮನ್ನು ಹಿಡಿದು ನಿಲ್ಲಿಸಿತು ಅಂದುಕೊಳ್ಳಿ. ಅದನ್ನು ಮೊಬೈಲ್‌ನಲ್ಲಿ ಸೇವ್ ಮಾಡಿ ಮುಂದೆ ಹೋಗುವುದು ಎಲ್ಲರ ಅಭ್ಯಾಸ. ಪೋರ್ಟ್‌ಫೋಲಿಯೊ, ಅಂದರೆ ಒಬ್ಬರ ಆಯ್ದ ಕೆಲಸದ ಸಂಗ್ರಹ, ಅದರ ಹುಡುಕಾಟ ನಿಂತುಹೋಗುವುದೂ ಇಲ್ಲೇ.

ಬಾಂಗ್ಲಾದೇಶದಲ್ಲಿ 2013ರಲ್ಲಿ ರಾಣಾ ಪ್ಲಾಜಾ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಜನ ಸತ್ತರು. ಅವಶೇಷದಲ್ಲಿ ತಬ್ಬಿಕೊಂಡೇ ಪ್ರಾಣಬಿಟ್ಟ ಇಬ್ಬರ ಫೋಟೊ ಜಗತ್ತಿಗೆಲ್ಲ ಗೊತ್ತು. ಅದನ್ನು ತೆಗೆದ ತಸ್ಲಿಮಾ ಅಖ್ತರ್ ಗಾರ್ಮೆಂಟ್ ಕಾರ್ಮಿಕರ ನಡುವೆ ಮೊದಲಿಂದಲೂ ಇದ್ದವರು, ಅವರ ಹಕ್ಕಿಗಾಗಿ ಹೋರಾಡಿದವರು. ಆ ಒಂದು ಫೋಟೊ ಕಣ್ಣೀರು ತರಿಸುತ್ತದೆ. ಉಳಿದ ಕೆಲಸವನ್ನೂ ನೋಡಿದರೆ ಕಟ್ಟಡ ಯಾಕೆ ಬಿತ್ತು ಎಂಬುದು ಅರ್ಥವಾಗುತ್ತದೆ.

ಹಾಗಾಗಿ ಮೊದಲು ಫೋಟೊದ ಕೆಳಗಿನ ಹೆಸರು ಬರೆದುಕೊಳ್ಳಿ. ಹೆಸರಿಲ್ಲದಿದ್ದರೆ ಗೂಗಲ್ ಲೆನ್ಸ್ ಅಥವಾ ಟಿನ್‌ಐಗೆ ಆ ಫೋಟೊ ಕೊಡಿ. ಟಿನ್‌ಐನಲ್ಲಿ ಹಳೆಯದು ಮೊದಲು ಬರುವಂತೆ ಜೋಡಿಸಬಹುದು. ಮೂಲದ ಹತ್ತಿರ ತಲುಪಲು ಅದು ಸಹಾಯ. ಹೆಸರು ಸಿಕ್ಕ ಮೇಲೆ ಫೋಟೊಗ್ರಾಫರ್‌ನ ಸ್ವಂತ ವೆಬ್‌ಸೈಟ್ ಹುಡುಕಿ. ಇನ್‌ಸ್ಟಾಗ್ರಾಂ ಆಮೇಲೆ. ಇನ್‌ಸ್ಟಾಗ್ರಾಂನಲ್ಲಿ ಇವತ್ತಿನ ಪೋಸ್ಟ್ ಮೇಲಿರುತ್ತದೆ. ಸ್ವಂತ ತಾಣದಲ್ಲಿ ಅವರೇ ಯೋಚಿಸಿ ಜೋಡಿಸಿದ ಕ್ರಮ ಇರುತ್ತದೆ. ತಾಣ ಮುಚ್ಚಿಹೋಗಿದ್ದರೆ ವೆಬ್ ಪುಟಗಳ ಹಳೆಯ ಪ್ರತಿ ಇಟ್ಟಿರುವ ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮೆಷಿನ್‌ಗೆ ಹಳೆಯ ವಿಳಾಸ ಕೊಟ್ಟು ನೋಡಿ.

ನಮ್ಮ ಜಿಲ್ಲೆಗಳ ಪತ್ರಿಕಾ ಫೋಟೊಗ್ರಾಫರ್‌ಗಳಲ್ಲಿ ಹಲವರಿಗೆ ವೆಬ್‌ಸೈಟ್ ಇಲ್ಲ. 2019ರ ಕೃಷ್ಣಾ ಪ್ರವಾಹದ ಫೋಟೊಗಳನ್ನು ಹುಡುಕುವಾಗ ಇದು ಗೊತ್ತಾಗುತ್ತದೆ. ಪತ್ರಿಕೆಯಲ್ಲಿ ಫೋಟೊದ ಕೆಳಗೆ ಬರುವ ಹೆಸರನ್ನು ಊರಿನ ಹೆಸರಿನ ಜೊತೆ ಸೇರಿಸಿ ಫೇಸ್‌ಬುಕ್‌ನಲ್ಲಿ ಹುಡುಕಿ. ಒಳ್ಳೆಯ ಕೆಲಸ ಎಷ್ಟೋ ಸಲ ಆಲ್ಬಂಗಳಲ್ಲಿ ಸದ್ದಿಲ್ಲದೆ ಬಿದ್ದಿರುತ್ತದೆ.

## 5. ಸರಣಿಯನ್ನು ಮೂರು ಸಲ ನೋಡಿ

ಮೊದಲ ಸಲ ಏನೂ ಓದದೆ, ನಿಧಾನಕ್ಕೆ, ಮೊದಲಿಂದ ಕೊನೆವರೆಗೆ ನೋಡಿ. ಎಲ್ಲಿ ಕಣ್ಣು ನಿಂತಿತು, ಎಲ್ಲಿ ಬೇಸರ ಆಯಿತು ಎಂದು ಬರೆದುಕೊಳ್ಳಿ.

ಎರಡನೇ ಸಲ ಜೋಡಣೆ ಗಮನಿಸಿ. ಜಾಗ ತೋರಿಸುವ ದೂರದ ಫೋಟೊ ಎಲ್ಲಿದೆ? ಕೈ, ಪಾತ್ರೆ, ಚಪ್ಪಲಿ, ಕಾಗದಪತ್ರದಂಥ ಹತ್ತಿರದ ವಿವರ ಇದೆಯೇ? ಜನ ಪರಸ್ಪರ ಹೇಗಿದ್ದಾರೆ ಎಂಬುದು ಕಾಣುತ್ತದೆಯೇ, ಅಥವಾ ಎಲ್ಲರೂ ಒಬ್ಬೊಬ್ಬರೇ ಕ್ಯಾಮೆರಾ ನೋಡುತ್ತಿದ್ದಾರೆಯೇ? ಋತು ಬದಲಾಗಿದೆಯೇ? ಮಗು ದೊಡ್ಡದಾಗಿದೆಯೇ? ಸಮಯ ಕೊಟ್ಟ ಕೆಲಸದಲ್ಲಿ ಅದು ತಾನಾಗಿ ಕಾಣುತ್ತದೆ.

ಮೂರನೇ ಸಲ, ಇಲ್ಲದ್ದನ್ನು ಹುಡುಕಿ. ಕಬ್ಬಿನ ಸರಣಿಯಲ್ಲಿ ಕಾರ್ಖಾನೆ ಯಾಕಿಲ್ಲ? ಕೂಲಿಯವರನ್ನು ಕರೆತರುವ ಮುಕಾದಮ ಯಾಕಿಲ್ಲ? ಮುಳುಗಡೆಯ ಸರಣಿಯಲ್ಲಿ ನೀರಿನಲ್ಲಿ ನಿಂತ ಗುಡಿ ಇದೆ, ಪರಿಹಾರಕ್ಕಾಗಿ ಕಚೇರಿ ಅಲೆಯುವ ರೈತ ಯಾಕಿಲ್ಲ? ಇಂಥ ಪ್ರಶ್ನೆ ಕೇಳುವ ಹಕ್ಕು ನಿಮಗಿದೆ, ಏಕೆಂದರೆ ವಿಷಯ ನಿಮ್ಮದು.

ಹೋಲಿಸಿ ನೋಡಲು ಒಂದು ಒಳ್ಳೆಯ ಅಭ್ಯಾಸ ಹೇಳುತ್ತೇನೆ. 1984ರ ಡಿಸೆಂಬರ್‌ನಲ್ಲಿ ಭೋಪಾಲ್ ಅನಿಲ ದುರಂತದಲ್ಲಿ ಸತ್ತ ಹೆಸರಿಲ್ಲದ ಒಂದು ಮಗುವಿನ ಮಣ್ಣು ಮಾಡುವಿಕೆಯನ್ನು ರಘು ರೈ ಕಪ್ಪುಬಿಳುಪಿನಲ್ಲಿ, ಪಾಬ್ಲೊ ಬಾರ್ಥಲೋಮಿಯೊ ಬಣ್ಣದಲ್ಲಿ ತೆಗೆದರು. ಪಾಬ್ಲೊ ಅವರ ಫೋಟೊಗೆ ಆ ವರ್ಷದ ವರ್ಲ್ಡ್ ಪ್ರೆಸ್ ಪ್ರಶಸ್ತಿ ಬಂತು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಮಗು ಅದೇ, ಮಣ್ಣು ಅದೇ. ಬಣ್ಣ ಏನು ಮಾಡಿತು, ಕೈಯ ಜಾಗ ಏನು ಮಾಡಿತು ಎಂದು ನಿಮ್ಮ ಮಾತಿನಲ್ಲಿ ನಾಲ್ಕು ಸಾಲು ಬರೆಯಿರಿ. ನೋಡುವುದು ಕಷ್ಟ. ಆದರೆ ಒಂದೇ ಘಟನೆಯ ಮುಂದೆ ಇಬ್ಬರು ಹೇಗೆ ಬೇರೆ ಬೇರೆ ತೀರ್ಮಾನ ಮಾಡುತ್ತಾರೆ ಎಂಬುದು ಇದರಷ್ಟು ಸ್ಪಷ್ಟವಾಗಿ ಬೇರೆಲ್ಲೂ ಸಿಗುವುದು ಅಪರೂಪ.

## 6. ಕ್ಯಾಪ್ಶನ್ ಓದದೆ ಮುಂದೆ ಹೋಗಬೇಡಿ

ಒಳ್ಳೆಯ ಕ್ಯಾಪ್ಶನ್‌ನಲ್ಲಿ ಯಾರು, ಎಲ್ಲಿ, ಯಾವಾಗ, ಏನು ನಡೆಯುತ್ತಿದೆ ಎಂಬುದು ಇರುತ್ತದೆ. ಹೆಸರು ಮುಚ್ಚಿಟ್ಟಿದ್ದರೆ ಯಾಕೆ ಎಂಬುದೂ ಇರಬೇಕು. "ಬದುಕಿನ ಬಣ್ಣಗಳು", "ಮೌನದ ಕಣ್ಣು" ಎಂಬಂಥ ಕವಿತೆಯ ಸಾಲು ಬರೆದು ಊರಿನ ಹೆಸರನ್ನೇ ಬಿಟ್ಟಿದ್ದರೆ ಆ ಪೋರ್ಟ್‌ಫೋಲಿಯೊಗೆ ನಾನು ಜಾಸ್ತಿ ಸಮಯ ಕೊಡುವುದಿಲ್ಲ.

ದೊಡ್ಡವರ ಕೆಲಸವನ್ನೂ ಇದೇ ಅಳತೆಯಿಂದ ನೋಡಿ. ಡೊರೊಥಿಯಾ ಲ್ಯಾಂಗ್ 1936ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ತೆಗೆದ ವಲಸೆ ತಾಯಿಯ ಫೋಟೊ ಎಲ್ಲರಿಗೂ ಗೊತ್ತು. ಅದರ ಕ್ಯಾಪ್ಶನ್‌ನಲ್ಲಿ ವಯಸ್ಸಿದೆ, ಮಕ್ಕಳ ಸಂಖ್ಯೆ ಇದೆ, ಊರಿದೆ. ಆಕೆಯ ಹೆಸರಿಲ್ಲ. ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಎಂಬ ಆ ಹೆಸರು ಲೋಕಕ್ಕೆ ಗೊತ್ತಾದದ್ದು 1970ರ ದಶಕದ ಕೊನೆಗೆ. ಲೈಬ್ರರಿ ಆಫ್ ಕಾಂಗ್ರೆಸ್ ತಾಣದಲ್ಲಿ ಅದೇ ದಿನದ ಬೇರೆ ಫ್ರೇಮ್‌ಗಳೂ ಇವೆ. ಫೋಟೊಗ್ರಾಫರ್ ಹಂತಹಂತವಾಗಿ ಹತ್ತಿರ ಹೋದದ್ದು ಅವುಗಳಲ್ಲಿ ಕಾಣುತ್ತದೆ. ಪ್ರಸಿದ್ಧ ಫೋಟೊ ನೋಡಿದ ಮೇಲೆ ಇವನ್ನೂ ನೋಡಲೇಬೇಕು.

## 7. ಅಪಾಯದ ಗುರುತುಗಳು

ಪ್ರಶಸ್ತಿ ಬಂದಿದೆ ಎಂದ ಮಾತ್ರಕ್ಕೆ ನಂಬಬೇಡಿ. 2015ರಲ್ಲಿ ವರ್ಲ್ಡ್ ಪ್ರೆಸ್ ಫೋಟೊ ಇಟಲಿಯ ಜೊವಾನಿ ಟ್ರೊಯ್ಲೊಗೆ ಕೊಟ್ಟಿದ್ದ ಪ್ರಶಸ್ತಿ ವಾಪಸ್ ಪಡೆಯಿತು. ಬೆಲ್ಜಿಯಂನ ಶಾರ್ಲರುವಾ ನಗರದ್ದು ಎಂದ ಸರಣಿಯ ಒಂದು ಫೋಟೊ ಬೇರೆ ಊರಿನಲ್ಲಿ ತೆಗೆದದ್ದಾಗಿತ್ತು. 2016ರಲ್ಲಿ ಅಮೆರಿಕದ ಪ್ರಸಿದ್ಧ ಫೋಟೊಗ್ರಾಫರ್ ಸ್ಟೀವ್ ಮೆಕರಿ ಅವರ ಹಲವು ಫೋಟೊಗಳಲ್ಲಿ ವಸ್ತು, ಜನರನ್ನು ಅಳಿಸಿರುವುದು ಬಯಲಾಯಿತು. 2021ರಲ್ಲಂತೂ ಮ್ಯಾಗ್ನಮ್‌ನ ಯೋನಾಸ್ ಬೆಂಡಿಕ್ಸನ್ ಕಂಪ್ಯೂಟರಿನಲ್ಲಿ ಸೃಷ್ಟಿಸಿದ ಜನರನ್ನು ಫೋಟೊಗಳಲ್ಲಿ ಸೇರಿಸಿ, ಯಾರಾದರೂ ಹಿಡಿಯುತ್ತಾರಾ ಎಂದು ಕಾದರು. ಫ್ರಾನ್ಸ್‌ನ ದೊಡ್ಡ ಫೋಟೊ ಜರ್ನಲಿಸಂ ಉತ್ಸವದಲ್ಲೂ ಅದು ಪ್ರದರ್ಶನ ಕಂಡಿತು. ಕೊನೆಗೆ ಅವರೇ ಸತ್ಯ ಹೇಳಿದರು.

ಇನ್ನು ಇವು ಕಂಡರೆ ಹುಷಾರಾಗಿ:

- ಎಲ್ಲ ಫೋಟೊಗಳಲ್ಲೂ ಬೆಳಕು, ಹೊಗೆ, ಧೂಳು ಬೇಕಾದಲ್ಲೇ ಬಿದ್ದಿದೆ. ಮುದುಕರ ಮುಖದ ಸುಕ್ಕು ಕೆತ್ತಿದಷ್ಟು ಹರಿತವಾಗಿದೆ.
- ಅದೇ ವ್ಯಕ್ತಿ, ಅದೇ ಭಂಗಿ ಬೇರೆ ಬೇರೆ ಫೋಟೊಗ್ರಾಫರ್‌ಗಳ ಪೇಜಿನಲ್ಲಿ ಸಿಗುತ್ತದೆ. ಫೋಟೊ ಟೂರ್‌ನವರು ಹಣ ಕೊಟ್ಟು ನಿಲ್ಲಿಸಿರುವ ಸಾಧ್ಯತೆ ಇದೆ.
- ಹಿನ್ನೆಲೆಯ ಬೋರ್ಡಿನ ಕನ್ನಡ ಅಕ್ಷರ ಓದಲು ಬರುವುದಿಲ್ಲ, ಬೆರಳು, ಬಳೆ, ಮಗ್ಗದ ನೂಲು ಒಂದರೊಳಗೊಂದು ಕರಗಿವೆ. ಎಐ ಚಿತ್ರ ಇರಬಹುದು.
- ಅತ್ಯಾಚಾರಕ್ಕೆ ಒಳಗಾದವರು, ಮಕ್ಕಳು, ದೇವದಾಸಿ ಕುಟುಂಬದವರ ಮುಖ ಮತ್ತು ಊರು ಎರಡನ್ನೂ ಬಯಲಿಗಿಟ್ಟಿದ್ದಾರೆ.

ಕೊನೆಯದನ್ನು ಮಾತ್ರ ನಾನು ಕ್ಷಮಿಸುವುದಿಲ್ಲ. ಸವದತ್ತಿಯ ಬಗ್ಗೆ ಹುಡುಕಿದವರಿಗೆ ಇಂಥ ಫೋಟೊಗಳು ಎದುರಾಗಿರುತ್ತವೆ. ಫೋಟೊ ಎಷ್ಟೇ ಗಟ್ಟಿಯಾಗಿರಲಿ, ಅದರಲ್ಲಿರುವ ಹೆಣ್ಣುಮಗಳು ನಾಳೆ ಅದೇ ಊರಿನಲ್ಲಿ ಬದುಕಬೇಕು. ಅಂಥದ್ದನ್ನು ನಿಮ್ಮ ಪಟ್ಟಿಗೆ ಹಾಕಬೇಡಿ, ವಾಟ್ಸ್‌ಆ್ಯಪ್‌ನಲ್ಲಿ ಹಂಚಲೂ ಬೇಡಿ.

## 8. ಒಬ್ಬರಿಂದ ಇನ್ನೊಬ್ಬರಿಗೆ ಎಳೆ ಹಿಡಿಯಿರಿ

ಮನಸ್ಸಿಗೆ ಹಿಡಿಸಿದ ಒಂದು ಪೋರ್ಟ್‌ಫೋಲಿಯೊ ಸಿಕ್ಕ ಮೇಲೆ ಅವರ ಪರಿಚಯದ ಪುಟ ಓದಿ. ಎಲ್ಲಿ ಕಲಿತರು, ಯಾವ ಅನುದಾನ ಸಿಕ್ಕಿತು, ಯಾವ ಉತ್ಸವದಲ್ಲಿ ತೋರಿಸಿದರು ಎಂದಿರುತ್ತದೆ. ಆ ಅನುದಾನ ಪಡೆದ ಉಳಿದವರ ಹೆಸರು ನೋಡಿ. ತಸ್ಲಿಮಾ ಅಖ್ತರ್ ಕಲಿತದ್ದು ಢಾಕಾದ ಪಾಠಶಾಲಾ ಎಂಬ ಫೋಟೊಗ್ರಫಿ ಶಾಲೆಯಲ್ಲಿ. ಅದನ್ನು ಕಟ್ಟಿದವರು ಶಾಹಿದುಲ್ ಆಲಂ. ಅವರ ಬಳಗವೇ ಛೋಬಿ ಮೇಳ ಎಂಬ ಫೋಟೊ ಉತ್ಸವ ನಡೆಸುತ್ತದೆ. ಒಂದು ಹೆಸರಿನಿಂದ ದಕ್ಷಿಣ ಏಷ್ಯಾದ ಒಂದು ತಲೆಮಾರೇ ತೆರೆದುಕೊಳ್ಳುತ್ತದೆ. ಮಹಿಳಾ ಫೋಟೊಗ್ರಾಫರ್‌ಗಳ ಕೆಲಸ ಹುಡುಕಲು 2017ರಲ್ಲಿ ಶುರುವಾದ ವಿಮೆನ್ ಫೋಟೋಗ್ರಾಫ್ ತಾಣ ಒಳ್ಳೆಯ ದಾರಿ. ಹಳಬರಲ್ಲಿ ಭಾರತದ ಮೊದಲ ಮಹಿಳಾ ಪತ್ರಿಕಾ ಫೋಟೊಗ್ರಾಫರ್ ಹೋಮಾಯ್ ವ್ಯಾರಾವಾಲಾ, 1943ರ ಬಂಗಾಳ ಕ್ಷಾಮ ದಾಖಲಿಸಿದ ಸುನಿಲ್ ಜಾನಾ ಅವರನ್ನು ನೋಡಿ. ಮುಂಬೈ ಪೌರಕಾರ್ಮಿಕರ ಬಗ್ಗೆ ಸುಧಾರಕ್ ಓಲ್ವೆ ಮಾಡಿದ ಕೆಲಸವನ್ನೂ ಹುಡುಕಿ.

## 9. ಪಟ್ಟಿ ಇಡಿ, ಅನುಮತಿ ಕೇಳಿ

ಶೀಟ್‌ನಲ್ಲಿ ಹೆಸರು, ವಿಷಯ, ಲಿಂಕ್, ನೋಡಿದ ದಿನ, ನಿಮಗೆ ಅನಿಸಿದ್ದು ಎರಡು ಸಾಲು. ಕೊನೆಯ ಕಾಲಂ ಖಾಲಿ ಬಿಡಬೇಡಿ. ಬರೀ ಲಿಂಕ್‌ಗಳ ರಾಶಿ ಆರು ತಿಂಗಳ ಮೇಲೆ ಯಾರಿಗೂ ಉಪಯೋಗ ಇಲ್ಲ. ಮುಖ್ಯ ಪುಟಗಳನ್ನು ವೇಬ್ಯಾಕ್ ಮೆಷಿನ್‌ನಲ್ಲಿ ಉಳಿಸಿಡಿ.

ನೋಡುವುದು ಉಚಿತ ಎಂದರೆ ಬಳಸುವುದೂ ಉಚಿತ ಎಂದಲ್ಲ. ಭಾರತದ ಕಾಯ್ದೆಯಲ್ಲಿ ಫೋಟೊದ ಹಕ್ಕು ಫೋಟೊಗ್ರಾಫರ್‌ನ ಜೀವಮಾನ ಮತ್ತು ಆಮೇಲಿನ 60 ವರ್ಷ ಇರುತ್ತದೆ. ಕಾಲೇಜು ಪತ್ರಿಕೆಗೋ ಪ್ರದರ್ಶನಕ್ಕೋ ಫೋಟೊ ಬೇಕಾದರೆ ಇಮೇಲ್ ಬರೆಯಿರಿ. ಯಾವ ಫೋಟೊ, ಎಲ್ಲಿ ಬಳಸುತ್ತೀರಿ, ಎಷ್ಟು ಪ್ರತಿ, ಹಣದ ವ್ಯವಹಾರ ಇದೆಯೇ ಎಂಬುದನ್ನು ಮೊದಲ ಪತ್ರದಲ್ಲೇ ತಿಳಿಸಿ. ಕ್ಯಾಪ್ಶನ್ ಬದಲಿಸುವುದಿಲ್ಲ, ಫೋಟೊ ಕತ್ತರಿಸುವುದಿಲ್ಲ ಎಂದೂ ಬರೆಯಿರಿ. ಕ್ಯಾಪ್ಶನ್ ಅನ್ನು ಕನ್ನಡಕ್ಕೆ ತರುವುದಾದರೆ ಆ ಕನ್ನಡ ಪಠ್ಯವನ್ನೂ ಪತ್ರದ ಜೊತೆ ಕಳಿಸಿ. ಉತ್ತರ ಬರದಿದ್ದರೆ ಇನ್ನೊಮ್ಮೆ ಕೇಳಿ. ಆಗಲೂ ಬರದಿದ್ದರೆ ಫೋಟೊ ಬಿಟ್ಟು ಲಿಂಕ್ ಮಾತ್ರ ಕೊಡಿ.